ದೋಷಪೂರಿತ ಹಾಗೂ ನಕಲಿ ನೋಂದಣಿ ಫಲಕ: ದಂಡ, ಶಿಕ್ಷೆ ಮತ್ತು ಮಾಲೀಕರು ಅನುಸರಿಸಬೇಕಾದ ಕ್ರಮ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 39ರ ಮೇರೆಗೆ, ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವ ವಾಹನವು ನೋಂದಣಿಯಾಗಿದ್ದರಷ್ಟೇ ಸಾಲದು. ಅದರ ನೋಂದಣಿ ಗುರುತನ್ನು ನಿಯಮಿಸಲಾದ ರೀತಿಯಲ್ಲಿಯೇ ಪ್ರದರ್ಶಿಸತಕ್ಕದ್ದು. ಆದುದರಿಂದ ತೆರಿಗೆ, ವಿಮೆ, ನೋಂದಣಿ ಪತ್ರ ಎಲ್ಲವೂ ಕ್ರಮಬದ್ಧವಾಗಿದ್ದರೂ ಫಲಕವು ನಿಯಮದಂತೆ ಇಲ್ಲದಿದ್ದಲ್ಲಿ ಅದು ಅಪರಾಧವೇ ಆಗುತ್ತದೆ.

ಫಲಕವು ಹೇಗಿರತಕ್ಕದ್ದು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 50 ಮತ್ತು 51ರಲ್ಲಿ ಫಲಕದ ಸ್ವರೂಪವನ್ನು ವಿವರಿಸಲಾಗಿದೆ. ಕಾರುಗಳಲ್ಲಿ ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿ.ಮೀ., ದಪ್ಪ 10 ಮಿ.ಮೀ. ಹಾಗೂ ನಡುವಿನ ಅಂತರ 10 ಮಿ.ಮೀ. ಇರತಕ್ಕದ್ದು. ಖಾಸಗಿ ವಾಹನಗಳಿಗೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು, ಸಾರಿಗೆ ವಾಹನಗಳಿಗೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಬರಹವಿರುತ್ತದೆ. ವಿದ್ಯುತ್ ಚಾಲಿತ ವಾಹನಗಳಿಗೆ ಹಸಿರು ಹಿನ್ನೆಲೆ. ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು 1, 2, 3 ರೂಪದಲ್ಲಿಯೂ ಇರತಕ್ಕದ್ದು. ಕನ್ನಡ ಅಂಕಿಗಳಲ್ಲಿ ಸಂಖ್ಯೆ ಬರೆಸುವುದು ಭಾಷಾಭಿಮಾನದಿಂದಲೇ ಆಗಿದ್ದರೂ, ನಿಯಮಾನುಸಾರದ ಫಲಕಕ್ಕೆ ಬದಲಾಗಿ ಅದನ್ನು ಪರಿಗಣಿಸಲಾಗುವುದಿಲ್ಲ.

01-04-2019ರಿಂದ ತಯಾರಾದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ (ಎಚ್.ಎಸ್.ಆರ್.ಪಿ.) ಕಡ್ಡಾಯ. ಅದಕ್ಕೂ ಮುಂಚಿನ ವಾಹನಗಳಿಗೆ ರಾಜ್ಯದಲ್ಲಿ 2023ರ ಆಗಸ್ಟ್ ತಿಂಗಳಿನ ಅಧಿಸೂಚನೆಯ ಮೂಲಕ ಇದನ್ನು ಅನ್ವಯಿಸಲಾಯಿತು. ಅಶೋಕ ಚಕ್ರದ ಹೋಲೋಗ್ರಾಂ, ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ ಮತ್ತು ಒಮ್ಮೆ ಬಿಚ್ಚಿದರೆ ಮರುಬಳಕೆಗೆ ಬಾರದ ಲಾಕ್ ಇದರ ಲಕ್ಷಣಗಳು. ರಸ್ತೆ ಬದಿಯ ಅಂಗಡಿಗಳಲ್ಲಿ ದೊರೆಯುವ, ನೋಟಕ್ಕೆ ಇದರಂತೆಯೇ ಕಾಣುವ ಫಲಕಗಳು ಇದಕ್ಕೆ ಸಮನಲ್ಲ.

ದಂಡವೆಲ್ಲಿ, ಕ್ರಿಮಿನಲ್ ಮೊಕದ್ದಮೆಯೆಲ್ಲಿ

ಅಲಂಕಾರಿಕ ಅಕ್ಷರ, ತಪ್ಪು ಅಳತೆ, ಫಲಕದ ಮೇಲೆ ಹೆಸರು ಅಥವಾ ಚಿತ್ರ ಇವು ಸಾಮಾನ್ಯ ಉಲ್ಲಂಘನೆಗಳು. ಇವುಗಳಿಗೆ ಕಲಂ 177ರನ್ವಯ ಮೊದಲ ಬಾರಿಗೆ ರೂ. 500ರವರೆಗೆ, ನಂತರ ರೂ. 1,500ರವರೆಗೆ ದಂಡ ವಿಧಿಸಬಹುದು. ಕಲಂ 39ರ ಉಲ್ಲಂಘನೆಯೆಂದು ಪರಿಗಣಿತವಾದಲ್ಲಿ ಕಲಂ 192 ಅನ್ವಯಿಸುತ್ತದೆ: ಮೊದಲ ಅಪರಾಧಕ್ಕೆ ರೂ. 2,000ಕ್ಕೆ ಕಡಿಮೆಯಿಲ್ಲದಂತೆ ರೂ. 5,000ರವರೆಗೆ ದಂಡ, ಪುನರಾವರ್ತನೆಗೆ ಒಂದು ವರ್ಷದವರೆಗೆ ಕಾರಾವಾಸ, ಅಥವಾ ರೂ. 5,000ದಿಂದ ರೂ. 10,000ರವರೆಗೆ ದಂಡ, ಅಥವಾ ಎರಡೂ.

ಆದರೆ ಬೇರೊಂದು ವಾಹನದ ಸಂಖ್ಯೆಯನ್ನು ಬಳಸುವುದು, ಕ್ಯಾಮರಾ ತಪ್ಪಿಸಲು ಒಂದು ಅಂಕಿಯನ್ನು ಅಳಿಸಿ ಅಥವಾ ತಿದ್ದಿ ಓಡಾಡುವುದು ಬೇರೆಯೇ ಶ್ರೇಣಿಯ ಕೃತ್ಯ. ಇಲ್ಲಿ ಮುಖ್ಯವಾದುದು ವಂಚನೆಯ ಉದ್ದೇಶ. ಭಾರತೀಯ ನ್ಯಾಯ ಸಂಹಿತೆ, 2023ರಲ್ಲಿ 'ದಸ್ತಾವೇಜು' ಎಂದರೆ ಕಾಗದವಷ್ಟೇ ಅಲ್ಲ. ಯಾವುದೇ ವಸ್ತುವಿನ ಮೇಲೆ ಅಕ್ಷರ, ಅಂಕಿ ಅಥವಾ ಗುರುತುಗಳಿಂದ ವ್ಯಕ್ತಪಡಿಸಿದ ವಿಷಯವೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಸಂದರ್ಭಾನುಸಾರ ಪೊಲೀಸರು ಕಲಂ 318(4)ರ ವಂಚನೆ, ಕಲಂ 336ರ ಕೂಟರಚನೆ ಹಾಗೂ ಕಲಂ 340(2)ರ ಆರೋಪಗಳನ್ನು ಹೊರಿಸಬಹುದು. ವಂಚನೆಯ ಉದ್ದೇಶದ ಕೂಟರಚನೆ ರುಜುವಾತಾದಲ್ಲಿ ಏಳು ವರ್ಷಗಳವರೆಗೆ ಕಾರಾವಾಸವಿದೆ. 01-07-2024ಕ್ಕೆ ಮುಂಚಿನ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ನಿಮ್ಮ ಸಂಖ್ಯೆಯನ್ನು ಬೇರೊಬ್ಬರು ಬಳಸಿದಲ್ಲಿ

ನಿಮ್ಮ ವಾಹನವು ಹೋಗಿಯೇ ಇರದ ಊರಿನಿಂದ ಚಲನ್ ಬಂದಲ್ಲಿ, ಮೊತ್ತ ಚಿಕ್ಕದೆಂದು ಪಾವತಿಸಿ ಸುಮ್ಮನಾಗಬಾರದು. ಅದೇ ವಾಹನವು ಮುಂದೆ ಅಪಘಾತ ಅಥವಾ ಕಳ್ಳತನದಲ್ಲಿ ಕಂಡುಬಂದಲ್ಲಿ ವಿಚಾರಣೆಯು ಮೊದಲು ನಿಮ್ಮ ಬಾಗಿಲಿಗೇ ಬರುವುದು. ಚಲನ್‌ನಲ್ಲಿರುವ ಛಾಯಾಚಿತ್ರವನ್ನು ನೋಡಿ, ವಾಹನದ ಬಣ್ಣ, ಮಾದರಿ, ಗೀರುಗಳನ್ನು ಹೋಲಿಸಿರಿ. ಚಲನ್ ನೀಡಿದ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ನೋಂದಣಿ ಪ್ರಾಧಿಕಾರಕ್ಕೆ ನೀಡತಕ್ಕದ್ದು. ಆ ದಿನ ವಾಹನ ಎಲ್ಲಿತ್ತೆಂಬುದಕ್ಕೆ ಫಾಸ್ಟ್ಯಾಗ್ ವಿವರ, ಸರ್ವಿಸ್ ರಸೀದಿ ಅಥವಾ ಕಚೇರಿಯ ವಾಹನ ನಿಲುಗಡೆ ದಾಖಲೆ ಇದ್ದಲ್ಲಿ ಲಗತ್ತಿಸಿರಿ.

ಫಲಕ ಕಳೆದುಹೋದಲ್ಲಿಯೂ ಮೊದಲು ದೂರು ನೀಡಿ, ಅದರ ಪ್ರತಿಯೊಂದಿಗೆ ಬದಲಿ ಫಲಕಕ್ಕೆ ಅರ್ಜಿ ಸಲ್ಲಿಸುವುದು. ಮುರಿದ ಫಲಕವನ್ನು ಗುಜರಿಗೆ ಹಾಕದೆ, ಹೊಸದನ್ನು ಅಳವಡಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿರಿ. ಹಳೆಯ ವಾಹನ ಖರೀದಿಸುವವರು ಫಲಕವನ್ನಷ್ಟೇ ನಂಬದೆ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಿದ ನಂತರವೇ ಹಣ ಪಾವತಿಸುವುದು.