‘ವಿಯರ್ಡ್’ ಎಂದರೆ ವಿಧಿ

ಗಡಿನಾಡಿನ ಮಾನ್ಯ ಪೋಷಕರೇ,

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ರುದ್ರನಾಟಕದ ಮೂವರು ಮಾಟಗಾತಿಯರಿಗೆ ‘ವಿಯರ್ಡ್ ಸಿಸ್ಟರ್ಸ್’ ಎಂಬ ಹೆಸರುಂಟು. ಇಂದು ‘ವಿಯರ್ಡ್’ ಎಂದರೆ ವಿಚಿತ್ರ. ಆ ಅರ್ಥ ಬಲಿತದ್ದು 19ನೆಯ ಶತಮಾನದಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಪದಕ್ಕೆ ವಿಧಿ ಎಂದೇ ಅರ್ಥ. ಕವಿಗೆ ಕಥೆಯನ್ನೊದಗಿಸಿದ ಹಾಲಿನ್‌ಷೆಡ್‌ನ ಇತಿಹಾಸಗ್ರಂಥವೂ ಅವರನ್ನು ವಿಧಿದೇವತೆಯರಿರಬಹುದೆಂದು ಹೇಳಿತ್ತು. ನಾಟಕ ಮೊದಲು ಅಚ್ಚಾದದ್ದು 1623ರಲ್ಲಿ; ಅಂದಿನಿಂದ ಇಂಗ್ಲಿಷ್ ತಾನೇ ಬಹಳ ಬದಲಾಗಿದೆ. ಇಂಗ್ಲಿಷರ ಮಕ್ಕಳಿಗೂ ಇಲ್ಲಿ ಅಡಿಟಿಪ್ಪಣಿ ಬೇಕು.

ಆದುದರಿಂದ ನಿಮ್ಮ ಮಗು ಈ ಪದದಲ್ಲಿ ತಡವರಿಸಿದರೆ ಕನ್ನಡ ಮಾಧ್ಯಮವನ್ನು ದೂಷಿಸದಿರಿ. ‘ವಿಧಿ’ ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ಮಗುವಿಗೆ ಆ ಮೂವರು ಯಾರೆಂಬುದು ಬೇಗ ತಿಳಿದೀತು. ಡಿ.ವಿ.ಜಿ.ಯವರು ಈ ನಾಟಕವನ್ನು ಕನ್ನಡಿಸಿದ್ದಾರೆ. ಮೂಲದ ಪಕ್ಕದಲ್ಲಿಟ್ಟು ಮಕ್ಕಳೊಡನೆ ಓದಿರಿ.