ಕರಡಿಗೆಯಲ್ಲಿ ಉಳಿದ ಹಾಲಿ ರೂಪಾಯಿ

ವೀರಶೈವರಲ್ಲಿ ಲಿಂಗೈಕ್ಯರಾದವರ ಇಷ್ಟಲಿಂಗವು ಮನೆಯಲ್ಲಿ ಉಳಿಯುವುದಿಲ್ಲ. ಕ್ರಿಯಾಸಮಾಧಿಯ ವೇಳೆಯಲ್ಲಿ ಅದನ್ನು ಎಡಗೈಯ ಅಂಗೈಯಲ್ಲಿರಿಸಿ ದೇಹದೊಡನೆಯೇ ಭೂಮಿಗೆ ಒಪ್ಪಿಸುವುದು ಸಂಪ್ರದಾಯ. ದೀಕ್ಷೆಯಂದು ಗುರುವಿನಿಂದ ಪಡೆದುದು ಪಡೆದವನೊಡನೆ ಹೋಗುತ್ತದೆ, ಅದಕ್ಕೆ ವಾರಸುದಾರರಿಲ್ಲ. ಹಿಂದೆ ಉಳಿದು ಮಕ್ಕಳ ಕೈಸೇರುವುದು ಬೆಳ್ಳಿಯ ಕರಡಿಗೆ ಮಾತ್ರ. ಹೀಗಾಗಿ ನಮ್ಮ ಹಳ್ಳಿಗಳ ಮನೆಗಳಲ್ಲಿ ಹಿರಿಯರ ಗುರುತಾಗಿ ಬರಿದಾದ ಕರಡಿಗೆಗಳು ದೇವರ ಜಗಲಿಯ ಮೇಲೆ ಕುಳಿತಿರುವುದನ್ನು ವಾಚಕರು ಬಲ್ಲರು.

ನಮ್ಮ ಪೂರ್ವಾಶ್ರಮದ ಮನೆ ಹುಮನಾಬಾದ ತಾಲೂಕಿನ ಘಾಟಬೋರಾಳದಲ್ಲಿದೆ. ಸಂನ್ಯಸ್ತನಾದವನು ಪೂರ್ವಾಶ್ರಮವನ್ನು ನೆನೆಯಬಾರದೆಂಬ ನಿಯಮವುಂಟು. ಆದರೂ ಇತಿಹಾಸದ ವಿದ್ಯಾರ್ಥಿಗೆ ಕೈಯೆದುರಿಗಿರುವ ಆಧಾರವನ್ನು ಬಿಟ್ಟುಕೊಡಲು ಮನಸ್ಸು ಒಪ್ಪದು. ಆ ಮನೆಯ ಮುತ್ಯಾ ಲಿಂಗೈಕ್ಯರಾದ ಮೇಲೆ, ‘ಬರಿದು ಕರಡಿಗಿ ಮನ್ಯಾಗ ಇಡಬಾರದು’ ಎಂದು ಆಯಿ ಅದರೊಳಗೆ ಒಂದು ಚಾರಮಿನಾರಿನ ರೂಪಾಯಿಯನ್ನು ಇರಿಸಿದರು. ಲಿಂಗವಿದ್ದ ಎಡೆಯಲ್ಲಿ ಹಣವೇ ಎಂದು ಶಾಸ್ತ್ರಜ್ಞರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಆಯಿ ಶಾಸ್ತ್ರವನ್ನು ಓದಿದವರಲ್ಲ. ಆ ರೂಪಾಯಿಯ ಮೇಲಿನ ಅಕ್ಷರವನ್ನೂ ಓದಿದವರಲ್ಲ.

ಆ ನಾಣ್ಯದ ಮೇಲೆ ರಾಜನ ಮುಖವಿಲ್ಲ. 1591ರಲ್ಲಿ ಕುಲಿ ಕುತುಬ ಶಹನು ಕಟ್ಟಿಸಿದ ಚಾರಮಿನಾರಿನ ಚಿತ್ರವಿದೆ. ಅದರ ಸುತ್ತ ನಿಜಾಮರ ಬಿರುದುಗಳಿವೆ. ನಡುವಣ ಕಮಾನಿನ ಬಾಗಿಲಲ್ಲಿ ಒಂದೇ ಒಂದು ಅಕ್ಷರವಿದೆ. ‘ಮೀಮ್’ ಇದ್ದರೆ ಅದು ಆರನೆಯ ನಿಜಾಮ ಮೆಹಬೂಬ ಅಲಿಖಾನರ ಕಾಲದ್ದು. ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮ ಉಸ್ಮಾನ ಅಲಿಖಾನರ ಕಾಲದ್ದು. ಮುತ್ಯಾನ ರೂಪಾಯಿಯಲ್ಲಿ ‘ಐನ್’ ಇದೆ; ಹಿಜರಿ 1330 ಎಂಬ ಅಂಕಿಯಿದೆ, ಅಂದರೆ ಕ್ರಿ.ಶ. 1911–12. ಅದರ ಹೆಸರು ಹಾಲಿ ಸಿಕ್ಕಾ. 1857ರ ದಂಗೆಯ ತರುವಾಯ ಮೊಗಲ ಬಾದಶಹನ ಹೆಸರನ್ನು ಬಿಟ್ಟು ನಿಜಾಮರು ಸ್ವಂತ ಹೆಸರಿನಲ್ಲಿ ಟಂಕಿಸಿದ ‘ಈಗಿನ ನಾಣ್ಯ’ ಎಂದು ಅದರ ಅರ್ಥ. ನಾವು ಇಂದಿಗೂ ‘ಹಾಲಿ ಶಾಸಕರು’ ಎನ್ನುವಾಗ ಬಳಸುವ ಶಬ್ದವೇ ಅದು. ಚಲಾವಣೆಯಿಂದ ಹೋಗಿ ಅರುವತ್ತು ವರ್ಷಗಳಿಗೂ ಮಿಕ್ಕಿದ ನಾಣ್ಯವನ್ನು ಹಳ್ಳಿಯ ಹಿರಿಯರು ಇನ್ನೂ ಹಾಲಿ ಎಂದೇ ಕರೆಯುತ್ತಾರೆ.

ಬ್ರಿಟಿಷರ ರೂಪಾಯಿಗೆ ನಮ್ಮ ಭಾಗದಲ್ಲಿ ಕಲದಾರ ಎಂಬ ಹೆಸರಿತ್ತು. ಹುಮನಾಬಾದದ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ನಡೆದರೆ ಸೊಲ್ಲಾಪುರ. ಅದು ಬ್ರಿಟಿಷ್ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಸಂಕ್ರಾಂತಿಯಲ್ಲಿ ಸಿದ್ಧರಾಮೇಶ್ವರರ ಜಾತ್ರೆಗೆ ಹೋಗುವ ಭಕ್ತನೂ, ಬಟ್ಟೆ ಕೊಳ್ಳಲು ಹೋಗುವ ವ್ಯಾಪಾರಿಯೂ ಮೊದಲು ಹಾಲಿಯನ್ನು ಕಲದಾರಕ್ಕೆ ಬದಲಿಸಿಕೊಳ್ಳಬೇಕಾಗಿತ್ತು. ಸರಕಾರದ ಲೆಕ್ಕದಲ್ಲಿ 100 ಕಲದಾರಕ್ಕೆ 116 ಹಾಲಿ ರೂಪಾಯಿ, 10 ಆಣೆ, 8 ಪೈ. ಆಯಿಯ ಬಾಯಲ್ಲಿ ಈ ಲೆಕ್ಕ ಸರಳವಾಗಿತ್ತು: ಏಳು ಕೊಟ್ಟರೆ ಆರು. ಸರಾಫನು ಹಿಡಿದುಕೊಳ್ಳುವ ವಟ್ಟ ಬೇರೆ.

ಈ ಏಳು–ಆರರ ಮೂಲವನ್ನು ನಾಣ್ಯವೇ ಹೇಳುತ್ತದೆ. ಹಾಲಿ ರೂಪಾಯಿಯ ತೂಕ ಸುಮಾರು 11.17 ಗ್ರಾಂ, ಅದರಲ್ಲಿ ಶೇಕಡಾ 81.8 ಬೆಳ್ಳಿ. ಕಲದಾರದ ತೂಕ 11.66 ಗ್ರಾಂ, ಬೆಳ್ಳಿ ಶೇಕಡಾ 91.7. ಗುಣಿಸಿ ನೋಡಿದರೆ ಏಳು ಹಾಲಿಗಳಲ್ಲಿ 64 ಗ್ರಾಂ ಬೆಳ್ಳಿ ದೊರೆಯುತ್ತದೆ. ಆರು ಕಲದಾರಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅಕ್ಷರವರಿಯದ ಹೆಣ್ಣುಮಗಳು ನೆನಪಿನಲ್ಲಿ ಹೊತ್ತುತಂದ ಲೆಕ್ಕ ತಕ್ಕಡಿಗೆ ಸರಿಯಾಗಿ ಕೂಡುತ್ತದೆಂಬುದನ್ನು ಕಂಡಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಬಾಯಿಮಾತಿನ ಇತಿಹಾಸವನ್ನು ಹಗುರವಾಗಿ ಕಾಣುವ ವಿದ್ವಾಂಸರು ಇದನ್ನು ಗಮನಿಸಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ಸರಕಾರಗಳು ರೂಪಾಯಿಯ ಬೆಳ್ಳಿಯನ್ನು ಅರ್ಧದಷ್ಟಕ್ಕೆ ಇಳಿಸಿದವು. ಆಗ ಹಳೆಯ ನಾಣ್ಯ ಕೈಗೆ ಬಂದವರು ಅದನ್ನು ಖರ್ಚು ಮಾಡದೆ ಗಡಿಗೆಗೆ ಹಾಕಿದರು. ಮುತ್ಯಾ ಹಾಗೆ ಕೂಡಿಟ್ಟವರಲ್ಲೊಬ್ಬರು. ಚಾರಮಿನಾರಿನ ನಾಣ್ಯವನ್ನು ಜೋಪಾನ ಮಾಡಿದ್ದು ನಿಜಾಮರ ಮೇಲಿನ ನಿಷ್ಠೆಯಿಂದ ಎಂದು ಕೆಲವರು ಬಗೆಯುವುದುಂಟು. ರೈತನ ನಿಷ್ಠೆ ಬೆಳ್ಳಿಯ ಮೇಲಿತ್ತು, ಕಷ್ಟದ ದಿನದ ಮೇಲಿತ್ತು.

ಆ ಕಷ್ಟದ ದಿನ 1948ರಲ್ಲಿ ಬಂದಿತು. ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸುದ್ದಿ ಊರೂರಿಗೆ ಹಬ್ಬಿದಾಗ, ಗಡಿ ದಾಟಿ ಸೊಲ್ಲಾಪುರದ ಕಡೆ ಹೊರಟವರು ಅನೇಕರು. ಹೊರಡುವ ಮುನ್ನ ಗಡಿಗೆಗಳನ್ನು ಕೊಟ್ಟಿಗೆಯ ನೆಲದಲ್ಲಿ ಹುಗಿದರು. ಸೆಪ್ಟೆಂಬರ 13ರಂದು ಭಾರತೀಯ ಸೇನೆ ಸೊಲ್ಲಾಪುರದ ಮಾರ್ಗವಾಗಿ ಒಳಬಂದು ಮರುದಿನವೇ ಉಮರ್ಗಾದಿಂದ ನಮ್ಮ ರಾಜೇಶ್ವರವನ್ನು ತಲುಪಿತು. 17ಕ್ಕೆ ನಿಜಾಮರು ಶರಣಾದರು. ಅನಂತರದ ದಿನಗಳಲ್ಲಿ ಇದೇ ಬೀದರ ಜಿಲ್ಲೆಯಲ್ಲಿ ನಿರಪರಾಧಿ ಮುಸಲ್ಮಾನ ಕುಟುಂಬಗಳೂ ಕೊಲೆ ಸುಲಿಗೆಗಳಿಗೆ ಈಡಾದವು. ಅದೇ ವರ್ಷ ಬಂದ ಪಂಡಿತ ಸುಂದರಲಾಲರ ಸಮಿತಿ ಅದನ್ನು ದಾಖಲಿಸಿದೆ. ಒಂದನ್ನು ನೆನೆದು ಇನ್ನೊಂದನ್ನು ಮರೆತರೆ ಅದು ಇತಿಹಾಸವೆನಿಸದು. ಕೊಟ್ಟಿಗೆಯ ನೆಲದಲ್ಲಿ ಗಡಿಗೆ ಹುಗಿದವರು ಎರಡೂ ಓಣಿಗಳಲ್ಲಿದ್ದರು.

1950ರ ದಶಕ ಮುಗಿಯುವುದರೊಳಗೆ ಹಾಲಿ ಸಿಕ್ಕಾ ರದ್ದಾಯಿತು. 1956ರಲ್ಲಿ ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದಿತು. ಉದಗೀರ ನಿಲಂಗಾಗಳು ಮುಂಬಯಿಗೆ ಹೋದವು. ಗಡಿಗೆಯ ರೂಪಾಯಿಗಳು ಮಾತ್ರ ಹಾಗೆಯೇ ಇದ್ದು, 1972ರ ಬರಗಾಲದಲ್ಲಿ ಒಂದೊಂದಾಗಿ ಪತ್ತಾರನ ಕುಲುಮೆ ಸೇರಿ ಜೋಳವಾದವು. ಉಳಿದದ್ದು ಆ ಒಂದು.

ಸದ್ಭಕ್ತರಲ್ಲಿ ಒಂದು ವಿನಂತಿ. ಮಠದ ಪಲ್ಲಕ್ಕಿಗೆಂದು ನೀವು ಅರ್ಪಿಸುವ ಬೆಳ್ಳಿಯಲ್ಲಿ ಇಂಥ ನಾಣ್ಯಗಳೂ ಅಜ್ಜ-ಅಜ್ಜಿಯರ ಕರಡಿಗೆಗಳೂ ಬರುತ್ತವೆ. ಕರಗಿಸುವ ಮೊದಲು ಅವು ಯಾರವು, ಹೇಗೆ ಬಂದವು ಎಂಬುದನ್ನು ಬರೆದುಕೊಡಿರಿ. ಮನೆಯಲ್ಲಿ ಉರ್ದು ಅಕ್ಷರದ ಕಂದಾಯದ ಪಾವತಿಗಳಿದ್ದರೆ ಒಲೆಗೆ ಹಾಕಬೇಡಿರಿ. ಅಲ್ಲಿಯ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಕ್ಕುತ್ತದೆ.

ಘಾಟಬೋರಾಳದ ಆ ಮನೆಯಲ್ಲಿ ಮರಿಮೊಮ್ಮಗಳ ಲಿಂಗಧಾರಣೆಗೆ ಮುತ್ಯಾನ ಕರಡಿಗೆಯನ್ನೇ ಬೆಳಗಿ, ಹೊಸ ಶಿವದಾರ ಪೋಣಿಸಿ ಕೊಟ್ಟರು. ಹೊರಬಂದ ರೂಪಾಯಿಯನ್ನು ಅದರ ವೃತ್ತಾಂತ ಬರೆದ ಹಾಳೆಯೊಡನೆ ಒಂದು ಅರಿವೆಯ ಚೀಲದಲ್ಲಿ ಇಡಲಾಗಿದೆ. ಹಾಳೆಯಲ್ಲಿ ಮುತ್ಯಾನ ಹೆಸರಿನ ಕೆಳಗೆ ಆಯಿಯ ಹೆಸರನ್ನೂ ಬರೆಯಿಸಿದೆವು. ಮನೆಯಲ್ಲಿರುವ ಅಷ್ಟು ಪಾವತಿಗಳಲ್ಲಿ ಆ ಹೆಸರು ಎಲ್ಲಿಯೂ ಇಲ್ಲ.