ವಾಪಸ್ ಹೋಗಿ ಅಂದರೂ ಹೋಗದ ಸಿಸ್ಟರ್

1889ರ ಮಾರ್ಚ್ 31. ಇಟಲಿಯ ಸನ್ಯಾಸಿನಿ ಫ್ರಾನ್ಸೆಸ್ಕಾ ಕಬ್ರಿನಿ ಆರು ಸಿಸ್ಟರ್‌ಗಳ ಜೊತೆ ನ್ಯೂಯಾರ್ಕಿನಲ್ಲಿ ಹಡಗು ಇಳಿದರು. ಬಂದದ್ದು ಅನಾಥಾಲಯ ನಡೆಸಲು. ನೋಡಿದರೆ ಆ ಯೋಜನೆಯೇ ನಿಂತುಹೋಗಿತ್ತು! ಆರ್ಚ್‌ಬಿಷಪ್ ಕೊರಿಗನ್, ಊರಿಗೆ ವಾಪಸ್ ಹೋಗಿ ಅಂದರು. ಪೋಪ್ ಕಳಿಸಿದ್ದಾರೆ, ಹೋಗುವುದಿಲ್ಲ ಅಂದರು ಕಬ್ರಿನಿ.

ನಿಜಕ್ಕೂ ಆಕೆಗೆ ಚೀನಾಕ್ಕೆ ಹೋಗುವ ಆಸೆಯಿತ್ತು. ಪೋಪ್ 13ನೇ ಲಿಯೋ ಅಮೆರಿಕಕ್ಕೆ ಹೊರಡಿಸಿದರು. ಹೊಟ್ಟೆಪಾಡಿಗೆ ಅಲ್ಲಿಗೆ ಗುಳೆ ಹೋದ ಇಟಲಿಯ ಬಡವರಿಗೆ ಇಂಗ್ಲಿಷ್ ಬಾರದು, ಇರಲು ಇಕ್ಕಟ್ಟಿನ ಕೋಣೆ. ಎಷ್ಟೋ ಚರ್ಚ್‌ಗಳಲ್ಲಿ ಪ್ರಾರ್ಥನೆಗೂ ನೆಲಮಾಳಿಗೆಯೇ ಗತಿ.

ಸಿಸ್ಟರ್‌ಗಳು ಬೀದಿ ಬೀದಿ ಸುತ್ತಿ ದುಡ್ಡು ಬೇಡಿದರು. ಅನಾಥಾಲಯ, ಶಾಲೆ ಎದ್ದವು. 1892ರಲ್ಲಿ ಕೊಲಂಬಸ್ ಆಸ್ಪತ್ರೆಯೂ ಬಂತು. ರೋಗಿ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಬಹುದಿತ್ತು. ನನಗೆ ಇದೇ ದೊಡ್ಡದು ಅನಿಸುತ್ತದೆ. 1917ರಲ್ಲಿ ಷಿಕಾಗೋದಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಕೆ ಕಟ್ಟಿದ ಸಂಸ್ಥೆಗಳು 67.